ಅಶ್ವತ್ಥ ಕದ್ದ ಹತ್ತು ಸೆಕೆಂಡು

ಬಾಕ್ಸಿಂಗ್ ಅಂದರೆ ನನಗೆ ಮೊದಲಿನಿಂದಲೂ ಆಗದು. ಮೂವತ್ತೆರಡು ವರ್ಷ ನರ್ಸ್ ಆಗಿ ಜನರ ಒಡೆದ ಮೂಗು, ಹರಿದ ಹುಬ್ಬು ನೋಡಿದವಳು ನಾನು. ಬೇಕೆಂದೇ ಒಡೆದುಕೊಳ್ಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಹಾಗಿದ್ದೂ ಹೋದ ಚಳಿಗಾಲದ ಒಂದು ಶುಕ್ರವಾರ, ಪರದೇಶದ ಈ ನೆಲ್ಸನ್ ಊರಿನ ನಮ್ಮ ಡಯಾಲಿಸಿಸ್ ಘಟಕದಲ್ಲಿ, ಸ್ಟಾಪ್‌ವಾಚ್ ಹಿಡಿದು ಒಂದು ಬಾಕ್ಸಿಂಗ್ ಪಂದ್ಯ ನಡೆಸಿಕೊಟ್ಟೆ. ಇದಕ್ಕೆಲ್ಲ ಕಾರಣ ಅಶ್ವತ್ಥ.

ಅಶ್ವತ್ಥ ಕೋಲಾರದ ಚಿನ್ನದ ಗಣಿಯ ಊರಿನವನು. ವಯಸ್ಸು ಐವತ್ತು, ನಡೆದರೆ ಸದ್ದಾಗದ ಮನುಷ್ಯ. ಸೂಜಿ ಚುಚ್ಚುವುದರಲ್ಲಿ ಅವನ ಕೈಗೆ ಸಮನಾದ ಕೈ ಘಟಕದಲ್ಲಿಲ್ಲ. ಇಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ: ಅವನು, ಮತ್ತು ಮೈಸೂರಿನ ವಿಜಯಾ ಎಂಬ ನಾನು, ಇಲ್ಲಿಯ ಹಿರಿಯ ನರ್ಸ್. ಅವನು ನನ್ನನ್ನು ಅಕ್ಕ ಎನ್ನುತ್ತಾನೆ. ಬೈಸಿಕೊಳ್ಳುವ ದಿನ ಮಾತಿಗೆ ಎರಡು ಸಲ ಎನ್ನುತ್ತಾನೆ.

ಮಧ್ಯಾಹ್ನದ ಸರದಿಗೆ ಆರು ಕುರ್ಚಿ, ಆರು ಯಂತ್ರ, ಆರು ಜನ. ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಶುದ್ಧವಾಗಿ, ಇನ್ನೊಂದರಲ್ಲಿ ವಾಪಸ್ ಬರಬೇಕು. ಅದಕ್ಕೆ ನಾಲ್ಕು ತಾಸು. ಮೊದಲ ತಾಸು ಹರಟೆ, ಎರಡನೆಯದು ಟೀವಿ. ಮೂರನೆಯ ತಾಸಿಗೆ ಬಂದರಿನ ಕಡೆಯ ಬಿಸಿಲು ಕಿಟಕಿಯಿಂದ ಇಳಿದು ಎಲ್ಲರ ಕಂಬಳಿಗಳ ಮೇಲೆ ಕೂರುತ್ತದೆ. ದೂರದಲ್ಲಿ ಹಡಗಿಗೆ ಮರದ ದಿಮ್ಮಿ ತುಂಬುವ ಸದ್ದು. ಯಂತ್ರಗಳು ಒಂದೇ ರಾಗದಲ್ಲಿ ಗುಂಯ್ ಎನ್ನುತ್ತಿರುತ್ತವೆ, ಆರು ಜೊತೆ ಕಣ್ಣು ಅರ್ಧ ಮುಚ್ಚಿರುತ್ತವೆ. ನಮಗೆ ಭಯ ಇರುವುದು ಆ ತಾಸಿನಲ್ಲೇ. ರಕ್ತದೊತ್ತಡ ಸದ್ದಿಲ್ಲದೆ ಕುಸಿಯುವುದು ಆಗಲೇ. ನಿದ್ದೆ ಹತ್ತುತ್ತಿದೆಯೋ ಪ್ರಜ್ಞೆ ತಪ್ಪುತ್ತಿದೆಯೋ ಮುಖ ನೋಡಿದರೆ ಗೊತ್ತಾಗದು.

ಆ ತಾಸಿಗೆ ಅಶ್ವತ್ಥ ಕಂಡುಕೊಂಡ ಮದ್ದೇ ಈ ಪಂದ್ಯಗಳು. ಬೇರೆ ಬೇರೆ ಕಾಲದ ಇಬ್ಬರು ಬಾಕ್ಸರ್‌ಗಳನ್ನು ಎದುರುಬದುರು ನಿಲ್ಲಿಸಿ, ಕಣ್ಣ ಮುಂದೆ ನಡೆಯುತ್ತಿರುವಂತೆ ಹೊಡೆತ ಹೊಡೆತವನ್ನೂ ಹೇಳುತ್ತಾನೆ. ಮೊದಲ ಮೂರು ಕುರ್ಚಿಯವರು ಒಬ್ಬನ ಕಡೆ, ಅದು ಕೆಂಪು ಮೂಲೆ; ಉಳಿದ ಮೂವರು ಇನ್ನೊಬ್ಬನ ಕಡೆ, ನೀಲಿ. ಇಬ್ಬರೂ ತಮ್ಮ ತಮ್ಮ ಒಳ್ಳೆಯ ವಯಸ್ಸಿನಲ್ಲಿರಬೇಕು, ತೂಕ ಇದ್ದಷ್ಟೇ ಇರಬೇಕು, ಹೇಳುವವನು ಯಾರ ಪಕ್ಷವನ್ನೂ ವಹಿಸಬಾರದು. ಮೂರು ನಿಮಿಷಕ್ಕೊಂದು ಸುತ್ತು. ಅದು ಮುಗಿದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಎಂದು ಒಂದೇಟು. ಸುತ್ತು ಸುತ್ತಿಗೂ ಒಂದೊಂದು ಕುರ್ಚಿಯತ್ತ ತಿರುಗಿ, "ಈಗೇನು ಮಾಡಬೇಕು ನಿಮ್ಮವನು?" ಎಂದು ಕೇಳುತ್ತಾನೆ. ಯಾರ ಉತ್ತರ ತಡವಾಯಿತೋ ಅವರ ಬಿ.ಪಿ. ಪಟ್ಟಿ ಮೊದಲು ಬಿಗಿಯುತ್ತದೆ. ಇದು ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಕೆಲಸ ಬಿಟ್ಟು ಕಾಡುಹರಟೆ ಹೊಡೆಯುತ್ತಾನೆ ಎಂದು ದಿನಾ ಬೈದಿದ್ದೇ ಬಂತು.

ಒಮ್ಮೆ ಜಾಕ್ ಜಾನ್ಸನ್ ಮತ್ತು ಮಹಮ್ಮದ್ ಅಲಿ ಹೀಗೆ ಭೇಟಿಯಾದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾ, ಕೆಣಕುತ್ತಾ ಏಳು ಸುತ್ತು ಕಳೆದರು. ಅರವತ್ತು ವರ್ಷಗಳ ಅಂತರ ಆ ಬಿಸಿಲಿನಲ್ಲಿ ಕರಗಿ ಹೋಗಿತ್ತು. ಸುಳ್ಳೇಕೆ ಹೇಳಲಿ, ಔಷಧದ ತಟ್ಟೆ ಹಿಡಿದು ನಾನೂ ನಿಂತುಬಿಟ್ಟಿದ್ದೆ.

ನಾಲ್ಕನೇ ಕುರ್ಚಿ ಟ್ರೆವರ್‌ನದು. ಎಪ್ಪತ್ತೊಂಬತ್ತು ವರ್ಷ, ಟಿಮರು ಊರಿನವನು, ಮಾಂಸದ ಕಾರ್ಖಾನೆಯಲ್ಲಿ ದುಡಿದವನು. ಹರೆಯದಲ್ಲಿ ಊರೂರಿನ ಹಾಲ್‌ಗಳಲ್ಲಿ ಬಾಕ್ಸಿಂಗ್ ಆಡಿದ್ದ. ಅವನ ದೇವರು ಬಾಬ್ ಫಿಟ್ಸಿಮನ್ಸ್: ಟಿಮರುವಿನ ಕಮ್ಮಾರ ಸಾಲೆಯಲ್ಲಿ ಸುತ್ತಿಗೆ ಬೀಸಿ ಬೆಳೆದು, ಒಂದೂಕಾಲು ಶತಮಾನದ ಹಿಂದೆ ಜಗತ್ತಿನ ಹೆವಿವೇಟ್ ಚಾಂಪಿಯನ್ ಆದವನು. ತೂಕ ಎಪ್ಪತ್ತೈದು ಕಿಲೋ, ಕಾಲು ಕಡ್ಡಿ, ಭುಜ ಮಾತ್ರ ಬಾಗಿಲಿನಷ್ಟು ಅಗಲ. ನಮ್ಮ ಪಂದ್ಯಗಳಲ್ಲಿ ಫಿಟ್ಸಿಮನ್ಸ್ ಸೋತ ದಿನ ಟ್ರೆವರ್ ಚಹಾ ಮುಟ್ಟುತ್ತಿರಲಿಲ್ಲ.

ಆ ವಾರದ ಸೋಮವಾರ ಟ್ರೆವರ್ ನನ್ನನ್ನು ಕರೆದು, ಹವಾಮಾನ ಹೇಳಿದಂತೆ ಹೇಳಿದ: "ಇನ್ನು ಸಾಕು ಅನ್ನಿಸಿದೆ, ವಿಜಯಾ. ನಿಲ್ಲಿಸೋಣ ಅಂತಿದ್ದೇನೆ." ಹೆಂಡತಿ ತೀರಿಹೋಗಿ ಎರಡು ವರ್ಷ, ಮಗಳು ಸಮುದ್ರದಾಚೆ ಪರ್ತ್‌ನಲ್ಲಿ. ಡಯಾಲಿಸಿಸ್ ನಿಲ್ಲಿಸಿದರೆ ಉಳಿಯುವುದು ದಿನಗಳ ಲೆಕ್ಕ. ಆದರೂ ನಿಲ್ಲಿಸುವ ಹಕ್ಕು ಅವನದೇ. ಡಾಕ್ಟರ ಬಳಿ ಮಾತಾಡಬೇಕು ಎಂದೆ, ಹ್ಞೂಂ ಎಂದ. ಅಂದಿನಿಂದ ಸರದಿಯ ಪಟ್ಟಿಯಲ್ಲಿ ಅವನ ಹೆಸರನ್ನು, ಅಳಿಸಲು ಬರುವಂತೆ, ಪೆನ್ಸಿಲ್ಲಿನಲ್ಲಿ ಬರೆಯತೊಡಗಿದೆ. ಪಕ್ಕದ ಯಂತ್ರದ ಬಳಿ ನಿಂತಿದ್ದ ಅಶ್ವತ್ಥ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಬುಧವಾರದ ಪಂದ್ಯ ಫಿಟ್ಸಿಮನ್ಸ್‌ಗೂ ಜೋ ಲೂಯಿಸ್‌ಗೂ. ಲೂಯಿಸ್ ಹದಿನೈದು ಕಿಲೋ ಹೆಚ್ಚು ತೂಕದವನು, ಅವನ ಕೈಯ ವೇಗ ಜಗತ್ತಿಗೇ ಗೊತ್ತು. ಎರಡು ಸುತ್ತು ಸರಿಯಾಗಿಯೇ ನಡೆಯಿತು. ಆಮೇಲೆ ಲೂಯಿಸ್‌ನ ಕೈ ಏಕೋ ಕೆಳಗಿಳಿಯಿತು, ಕಾಲು ಏಕೋ ಜಾರಿತು. ಐದನೇ ಸುತ್ತಿನಲ್ಲಿ ಫಿಟ್ಸಿಮನ್ಸ್ ಹೊಟ್ಟೆಗೊಂದು ಗುದ್ದಿ ಗೆದ್ದೇಬಿಟ್ಟ. ನಾಲ್ಕನೇ ಕುರ್ಚಿಯಿಂದ ಚಪ್ಪಾಳೆ ಬರುತ್ತದೆಂದು ಎಲ್ಲರೂ ಕಾದೆವು. ಟ್ರೆವರ್ ಅಶ್ವತ್ಥನನ್ನು ಬಹಳ ಹೊತ್ತು ದಿಟ್ಟಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಶುಕ್ರವಾರ ಒಂದು ಗಂಟೆಗೆ ಐದು ಕುರ್ಚಿ ತುಂಬಿದವು, ನಾಲ್ಕನೆಯದು ತುಂಬಲಿಲ್ಲ. ಫೋನ್ ಮಾಡಿದೆ. "ಅವನಿಗೆ ಹೇಳು," ಎಂದ ಟ್ರೆವರ್, "ಮೋಸದ ಪಂದ್ಯ ಯಾವುದು ಅಂತ ಬಾಕ್ಸರ್‌ಗೆ ಗೊತ್ತಾಗುತ್ತೆ. ನನಗೆ ಯಾರ ಕನಿಕರವೂ ಬೇಡ." ಫೋನ್ ಇಟ್ಟುಬಿಟ್ಟ. ಇವತ್ತು ತಪ್ಪಿದರೆ ಇನ್ನು ಸೋಮವಾರವೇ. ಅಷ್ಟು ದಿನ ತಡೆಯುವ ದೇಹ ಅದಲ್ಲ. ತಾನೇ ಯೋಚಿಸಿ ನಿಲ್ಲಿಸುವುದು ಬೇರೆ, ಸಿಟ್ಟಿನಲ್ಲಿ ಸಾಯುವುದು ಬೇರೆ. ನನ್ನ ಪಿತ್ತ ನೆತ್ತಿಗೇರಿತು.

"ಏನೋ ಮಾಡ್ದೆ ನೀನು?" ಚಹಾ ಕೋಣೆಯಲ್ಲಿ ಹಿಡಿದು ಕೇಳಿದೆ. "ಯಾರ ಪಕ್ಷಾನೂ ವಹಿಸಬಾರ್ದು ಅಂತ ರೂಲ್ ಮಾಡ್ದೋನೇ ನೀನಲ್ವೇನೋ?"

"ಮೋಸ ಅಲ್ಲ ಅಕ್ಕಾ. ಆಯಪ್ಪನಿಗೆ ಒಂದು ಖುಷಿ ಕೊಡೋಣಾಂತ ಅಷ್ಟೇ ಅಕ್ಕಾ."

"ಅಳಿಯ ಅಲ್ಲ, ಮಗಳ ಗಂಡ!"

ಅವನು ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ಮೇಜಿನ ಮೇಲಿಟ್ಟ. ಗಾಜು ಬಿರುಕು ಬಿಟ್ಟ, ಹಿತ್ತಾಳೆಯ ಹಳೆಯ ವಾಚು. "ಇದು ನಮ್ಮಪ್ಪಂದು ಅಕ್ಕ," ಎಂದ. "ನಾನು ಇದೇ ತಪ್ಪು ಮೊದಲೂ ಒಂದು ಸಲ ಮಾಡಿದೀನಿ."

ಅವನ ಅಪ್ಪ ಮುನಿಶಾಮಪ್ಪ ನೆಲದಡಿಯಲ್ಲಿ ಬಂಡೆ ಕೊರೆಯುತ್ತಿದ್ದವರು. ಮೇಲೆ ಬಂದರೆ ಗಣಿಯ ಕ್ಲಬ್ಬಿನ ಬಾಕ್ಸರ್. ನಲವತ್ತೆರಡನೇ ವಯಸ್ಸಿನಲ್ಲಿ ಅವರ ಕೊನೆಯ ಪಂದ್ಯ, ಎದುರಾಳಿ ಇಪ್ಪತ್ತಮೂರರ ಹುಡುಗ. ಸಮಯ ಹಿಡಿಯುವವನು ಅಶ್ವತ್ಥನೇ, ಆಗ ನರ್ಸಿಂಗ್ ಓದುತ್ತಿದ್ದ. ಕೊನೆಯ ಸುತ್ತಿನಲ್ಲಿ ಅಪ್ಪ ಬಿದ್ದರು. ಹತ್ತು ಎಣಿಸುವುದರೊಳಗೆ ಏಳಬೇಕು. ಆದರೆ ಎಣಿಕೆಯ ನಡುವೆ ಗಂಟೆ ಬಾರಿಸಿದರೆ, ಬಿದ್ದವನು ಬಚಾವು.

"ನಾಕು ಎಣಿಸಿದ್ರು. ಸುತ್ತು ಮುಗಿಯಾಕೆ ಇನ್ನೂ ಹತ್ತು ಸೆಕೆಂಡ್ ಇತ್ತು ಅಕ್ಕ. ನಮ್ಮಪ್ಪನ ಬಾಯಲ್ಲಿ ರಕ್ತ. ನನ್ ಕೈಯಲ್ಲಿ ತಡೀಲಿಲ್ಲ, ಹೊಡದ್ಬುಟ್ಟೆ ಗಂಟೆ." ಅವನು ವಾಚನ್ನು ಬೆರಳಿನಿಂದ ಸವರಿದ. "ಯಾರಿಗೂ ಗೊತ್ತಾಗ್ಲಿಲ್ಲ. ನಮ್ಮಪ್ಪನಿಗೆ ಗೊತ್ತಾಯ್ತು. ವಾಚ್ ಕಿತ್ಕೊಂಡು ಒಂದೇ ಮಾತು ಅಂದ: ‘ನಾನು ಏಳ್ತಿದ್ದೆ ಕಣೋ.’ ಆಮೇಲೆ ಇದನ್ನ ನನ್ ಕೈಗೆ ಕೊಡ್ಲೇ ಇಲ್ಲ. ಆಯಪ್ಪ ಹೋದ್ಮೇಲೆ ಟ್ರಂಕಲ್ಲಿ ಸಿಕ್ತು."

ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಸ್ಪೀಕರ್ ಹಾಕಿ, ಮತ್ತೆ ಟ್ರೆವರ್‌ಗೆ ಫೋನ್ ಮಾಡಿ, ಇಡಬೇಡ ಎಂದು ಗದರಿ, ಆ ಗಂಟೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಟ್ರೆವರ್ ಕೇಳಿದ: "ಅವರಪ್ಪನ ತೂಕ ಎಷ್ಟಿತ್ತು?"

"ಅರವತ್ತು ಕಿಲೋ," ಎಂದ ಅಶ್ವತ್ಥ.

"ನಂದೂ ಅಷ್ಟೇ ಇತ್ತು," ಎಂದ ಟ್ರೆವರ್. ಮುಕ್ಕಾಲು ತಾಸಿಗೆ ಟ್ಯಾಕ್ಸಿಯಲ್ಲಿ ಬಂದು ನಾಲ್ಕನೇ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚಿದ.

ಅವನ ಮೂರನೇ ತಾಸಿಗೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಅಂದಿನ ಪಂದ್ಯ ಟ್ರೆವರನೇ ಗೊತ್ತುಮಾಡಿದ್ದು: ಕೆಂಪು ಮೂಲೆಯಲ್ಲಿ ಇಪ್ಪತ್ತೈದು ವರ್ಷದ ಮುನಿಶಾಮಪ್ಪ, ನೀಲಿ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದ ಟ್ರೆವರ್. ಆರು ಸುತ್ತು. ಅಪ್ಪನ ಪರವಾಗಿ ಅಶ್ವತ್ಥ ಹೇಳುವುದು, ತನ್ನ ಪರವಾಗಿ ಟ್ರೆವರ್ ಹೇಳುವುದು. ವಾಚು ಮತ್ತು ಚಮಚ ನನ್ನ ಕೈಗೆ ಬಂದವು. ಬಾಕ್ಸಿಂಗ್ ಕಂಡರಾಗದವಳೇ ಸರಿ, ಅವಳು ಯಾರ ಕಡೆಯೂ ಅಲ್ಲ, ಎಂದ ಟ್ರೆವರ್.

ಟ್ರೆವರ್ ಕಣ್ಣು ಮುಚ್ಚಿಕೊಂಡ. "ನನ್ನ ಬಲಗೈಯಲ್ಲಿ ಅಂಥ ಜೋರಿರಲಿಲ್ಲ. ಎಡಗೈ ಮಾತ್ರ ಚೂಟಿ," ಎಂದ. "ನಮ್ಮಪ್ಪ ತಲೆ ತಗ್ಗಿಸಿ ಒಳಗೆ ನುಗ್ತಾನೆ, ಸುರಂಗದೊಳಕ್ಕೆ ನುಗ್ಗಿದ ಹಾಗೆ," ಎಂದ ಅಶ್ವತ್ಥ. ಒಬ್ಬ ಹೊಡೆದೆ ಎಂದರೆ ಇನ್ನೊಬ್ಬ ಹೌದು, ಬಿತ್ತು ಎನ್ನುತ್ತಿದ್ದ, ಇಲ್ಲವಾದರೆ ಇಲ್ಲ, ತಪ್ಪಿಸಿಕೊಂಡೆ ಎನ್ನುತ್ತಿದ್ದ. ಇಬ್ಬರೂ ಒಂದು ಸುಳ್ಳನ್ನೂ ಹೇಳಲಿಲ್ಲ. ಗಣಿಯ ಕ್ಲಬ್ಬಿನ ಹಳದಿ ಬಲ್ಬುಗಳು, ಟಿಮರುವಿನ ಹಾಲ್‌ನ ಮರದ ನೆಲ, ಉಣ್ಣೆಯ ಕೋಟುಗಳ ವಾಸನೆ, ಎಲ್ಲವೂ ನಮ್ಮ ಆರು ಯಂತ್ರಗಳ ನಡುವೆ ಬಂದು ನಿಂತವು. ಎಂದೂ ಭೇಟಿಯಾಗದ ಇಬ್ಬರು ಹುಡುಗರು ಬೆವರುತ್ತಾ ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ನನಗೆ ಅವರು ಕಂಡರು, ಆಣೆ ಮಾಡಿ ಹೇಳುತ್ತೇನೆ.

ಆರನೇ ಸುತ್ತು. ಟ್ರೆವರ್ ಮೆಲ್ಲಗೆ ಹೇಳಿದ: "ಎಡಗೈ. ದವಡೆಗೆ."

"ಹೌದು," ಎಂದ ಅಶ್ವತ್ಥ. "ಬಿತ್ತು. ನಮ್ಮಪ್ಪ ಬಿದ್ದ."

ಎರಡನೇ ಕುರ್ಚಿಯ ಹೀನೆ, ನಿವೃತ್ತ ಶಾಲಾ ಟೀಚರು, ಎಣಿಸತೊಡಗಿದಳು. ಒಂದು. ಎರಡು. ವಾಚು ನೋಡಿದೆ: ಸುತ್ತು ಮುಗಿಯಲು ಹನ್ನೆರಡು ಸೆಕೆಂಡು. ಮೂರು. ನಾಲ್ಕು. ಈಗ ಹತ್ತು. ಚಮಚ ಲೋಟದಿಂದ ಒಂದು ಅಂಗುಲ ದೂರದಲ್ಲಿತ್ತು. ಹೊಡೆದುಬಿಡೇ ವಿಜಯಾ, ಯಾರಿಗೂ ಗೊತ್ತಾಗದು, ಎಂದಿತು ಮನಸ್ಸು. ಇಪ್ಪತ್ತರ ವಯಸ್ಸಿನ ಅಶ್ವತ್ಥನಿಗೆ ಆ ದಿನ ಏನಾಗಿತ್ತೆಂದು ನನಗೆ ಆಗ ತಿಳಿಯಿತು. ಚಮಚವನ್ನು ಬಿಗಿಯಾಗಿ ಹಿಡಿದುಕೊಂಡೆ. ಐದು. ಆರು. ಏಳು. ಟ್ರೆವರ್ ಕಣ್ಣು ತೆರೆದು ಅಶ್ವತ್ಥನನ್ನೇ ನೋಡುತ್ತಿದ್ದ. ಎಂಟು.

"ಮಂಡಿ ಊರಿದ," ಎಂದ ಅಶ್ವತ್ಥ. "ಹಗ್ಗ ಹಿಡ್ಕೊಂಡ."

ಒಂಬತ್ತು.

"ಎದ್ದ ಅಕ್ಕ. ಎದ್ದುಬಿಟ್ಟ ನಮ್ಮಪ್ಪ." ಅದನ್ನು ಕನ್ನಡದಲ್ಲೇ ಹೇಳಿದ, ಯಾರಿಗೂ ಅನುವಾದ ಬೇಕಾಗಲಿಲ್ಲ.

ಉಳಿದ ಐದು ಸೆಕೆಂಡನ್ನು ಪೂರ್ತಿ ಓಡಲು ಬಿಟ್ಟು, ಆಮೇಲೆ ಲೋಟಕ್ಕೆ ಹೊಡೆದೆ.

ಅಂಕಗಳಲ್ಲಿ ಗೆದ್ದವನು ಟ್ರೆವರ್. ಕೆಂಪು ಮೂಲೆಯವರೂ ಒಪ್ಪಿಕೊಂಡರು. ಅಶ್ವತ್ಥನೇ ಹೋಗಿ, ಸೂಜಿಯಿಲ್ಲದ ಅವನ ಕೈಯನ್ನು ಹಿಡಿದು ಮೇಲೆತ್ತಿದ. ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ನಿಂತ್ಕೊಂಡೇ ಸೋತ ಅಕ್ಕ," ಎಂದ.

ಟ್ರೆವರ್ ಎತ್ತಿದ ಕೈಯನ್ನು ಇಳಿಸಿದ. "ಹಾಗೆ ಎದ್ದು ನಿಂತವನಿಗೆ ಮರುಪಂದ್ಯ ಕೊಡದಿದ್ದರೆ ಅನ್ಯಾಯ," ಎಂದ. "ಸೋಮವಾರ. ಈ ಸಲ ಹತ್ತು ಸುತ್ತು."

ನಾನು ಮೇಜಿಗೆ ಹೋಗಿ ಸೋಮವಾರದ ಪಟ್ಟಿ ತೆಗೆದೆ. ನಾಲ್ಕನೇ ಕುರ್ಚಿಯ ಎದುರಿಗಿದ್ದ ಪೆನ್ಸಿಲ್ ಅಕ್ಷರಗಳನ್ನು ಅಳಿಸಿ, ಅವನ ಹೆಸರನ್ನು ಪೆನ್ನಿನಲ್ಲಿ ಬರೆದೆ.