ಸೋಮವಾರದ ರಾಹುಕಾಲ

ನನ್ನ ಕಾಲಿಗೆ ಚಕ್ರವಿದೆ ಎಂದು ತವರಿನವರು ಹೇಳುತ್ತಾರೆ. ಸುಳ್ಳಲ್ಲ. ಬಳ್ಳಾರಿಯ ಮನೆಯಲ್ಲಿದ್ದರೆ ಸಮುದ್ರ ನೆನಪಾಗುತ್ತದೆ, ಸಮುದ್ರದ ಮೇಲಿದ್ದರೆ ಮನೆಯ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ. ನಮ್ಮ ಯಜಮಾನರು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಗ್ರೀಸ್‌ನಲ್ಲಿ ಒಂದು ಹಳೇ ಹಾಯಿದೋಣಿ ಕೊಂಡರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಾವಿಬ್ಬರೇ ಮೆಡಿಟರೇನಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತೇವೆ. ದಡದಲ್ಲಿ ಒಂದಿಷ್ಟು ಗೆಳೆಯರೂ ಆಗಿದ್ದಾರೆ. ನಮ್ಮ ಶೇಂಗಾ ಚಟ್ನಿಪುಡಿಗೆ ಅವರು ಆಲಿವ್ ಎಣ್ಣೆ ಸುರಿದುಕೊಂಡು ತಿನ್ನುವಾಗ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ.

ಸಿರುಗುಪ್ಪದಲ್ಲಿ ಹುಟ್ಟಿದವಳಿಗೆ ನೀರು ಹೊಸದಲ್ಲ. ಆದರೆ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದರೆ ಆಚೆ ದಡ ಕಾಣುತ್ತಿರುತ್ತದೆ. ಸಮುದ್ರದಲ್ಲಿ ಕಾಣುವುದಿಲ್ಲ, ಕಾಣದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. "ಅಂಥಾದ್ರಾಗ ಯಾಕ ಹೋಗ್ತಿ ಯವ್ವಾ?" ಎಂದು ಅತ್ತಿಗೆ ಪ್ರತಿ ವರ್ಷ ಕೇಳುತ್ತಾಳೆ. ಉತ್ತರ ಗೊತ್ತಿಲ್ಲದ್ದಕ್ಕೆ ಅವಳ ಮೇಲೆಯೇ ರೇಗುತ್ತೇನೆ.

ಈ ಸಲದ ಚಡಪಡಿಕೆ ಮಾತ್ರ ಬೇರೆ. ಕುರುಗೋಡಿನಲ್ಲಿ ನನಗೊಬ್ಬ ಗೆಳತಿಯಿದ್ದಾಳೆ. ಬಳ್ಳಾರಿಯಲ್ಲಿ ಓದುವಾಗ ಹಾಸ್ಟೆಲ್‌ನಲ್ಲಿ ನಮ್ಮದು ಒಂದೇ ಕೋಣೆ. ಅವಳ ಅಪ್ಪ ಬಳೆ ವ್ಯಾಪಾರಿ. ರಂಜಾನ್ ಬಂತೆಂದರೆ ಶಾವಿಗೆ ಪಾಯಸದ ಡಬ್ಬಿ ಬಸ್ಸಿನಲ್ಲಿ ಬರುತ್ತಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಪಾಲು. ಹೋದ ವರ್ಷ ಅವಳಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಬಳ್ಳಾರಿಯ ಆಸ್ಪತ್ರೆಗೆ ಓಡಿದರೆ ಒಳಗೆ ಬಿಟ್ಟುಕೊಳ್ಳಲಿಲ್ಲ. "ಈಗ ಬ್ಯಾಡ. ಆರಾಮಾದ ಮ್ಯಾಲೆ ನಾನ ಬರ್ತೀನಿ" ಎಂದು ಬಾಗಿಲ ಹಿಂದಿನಿಂದಲೇ ಹೇಳಿದಳು. ತಂದಿದ್ದ ಎಳನೀರನ್ನು ಸಿಟ್ಟಿನಲ್ಲಿ ನರ್ಸ್ ಕೈಗೆ ಕೊಟ್ಟು ಬಂದೆ.

ಅವಳ ಅಳಿಯನದು ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ. ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ವಿದೇಶಕ್ಕೆ ಕರೆದೊಯ್ಯುವುದು ನಮ್ಮ ಕಡೆ ಮಾಮೂಲಿ. ಭತ್ತ ಬೆಳೆದವರು ಪಕ್ಕದ ಕರೂರಿನಲ್ಲೇ ಇರುತ್ತಾರೆ, ಗೊಬ್ಬರ ಮಾರಿದವರು ಪ್ಯಾರಿಸ್ ನೋಡಿ ಬರುತ್ತಾರೆ. ಈ ಬೇಸಿಗೆ ಅವರ ಪಾಳಿಗೆ ಗ್ರೀಸ್ ಬಂದಿತ್ತು. ಅಳಿಯ ಹೆಂಡತಿಯ ಜೊತೆಗೆ ಅತ್ತೆಯನ್ನೂ ಹೊರಡಿಸಿದ್ದ. ನಾವು ಆಗಲೇ ಅಲ್ಲಿದ್ದೆವು. ಗೆಳತಿ ಫೋನ್ ಮಾಡಿ ತಾವು ಇಳಿಯುವ ದ್ವೀಪದ ಹೆಸರು ಹೇಳಿದಳು.

"ಸೋಮವಾರ ಪೂರಾ ಅಲ್ಲೇ ಇರ್ತೀವಿ. ಮಂಗಳವಾರ ಮಧ್ಯಾಹ್ನಕ್ಕ ಹಡಗು. ನೀ ದಡದಾಗ ನಿಂತಿರಬೇಕು ನೋಡು. ಒಂದು ಮಾತು ಹೇಳಾದೈತಿ, ಫೋನಿನಾಗ ಹೇಳಾದಲ್ಲ."

ಒಳ್ಳೆಯ ಮಾತೋ ಕೆಟ್ಟ ಮಾತೋ? ಅವಳ ದನಿಯಲ್ಲಿ ಏನೂ ತಿಳಿಯಲಿಲ್ಲ. ಆರಾಮಾದ ಮೇಲೆ ಬರುತ್ತೇನೆ ಎಂದಿದ್ದವಳು ಬಂದಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡರೆ ಮರುಗಳಿಗೆಯಲ್ಲೇ ಫೋನಿನಲ್ಲಿ ಹೇಳಲಾಗದ ಮಾತು ಏನಿದ್ದೀತು ಎಂದು ಮತ್ತೆ ಲೆಕ್ಕ ಹಾಕುತ್ತಿದ್ದೆ.

ನಾವಿದ್ದ ದ್ವೀಪದಿಂದ ಅಲ್ಲಿಗೆ ಅರ್ಧ ದಿನದ ದಾರಿ. ಬೇಸಿಗೆಯಲ್ಲಿ ಅಲ್ಲಿ ಹೊತ್ತೇರಿದಂತೆ ಬಡಗಣ ಗಾಳಿ ಬಲಿಯುತ್ತದೆ, ಹಾಗಾಗಿ ಎಲ್ಲರೂ ಬೆಳಿಗ್ಗೆಯೇ ಹೊರಡುತ್ತಾರೆ. ಸೋಮವಾರ ದೋಣಿಯ ಹಗ್ಗ ಬಿಚ್ಚುವ ಹೊತ್ತಿಗೆ ಯಜಮಾನರು ಒಲೆಯ ಮೇಲೆ ತೂಗುಹಾಕಿದ್ದ ಬಳ್ಳಾರಿ ಕಿರಾಣಿ ಅಂಗಡಿಯ ಕ್ಯಾಲೆಂಡರ್ ನೋಡಿದರು.

"ಏಳೂವರೆಗೆ ರಾಹುಕಾಲ ಹತ್ತಿಬಿಟ್ಟೈತಿ. ಒಂಬತ್ತಕ್ಕ ಬಿಡಾಣ."

"ಇಷ್ಟು ವರ್ಷ ಹಡಗಿನಾಗ ದುಡಿದ್ರಿ. ಅಲ್ಲಿ ಯಾವ ರಾಹುನ್ನ ನೋಡಿದ್ರಿ?"

"ಅದು ಕಂಪನೀದು. ಇದು ನಮ್ಮದು."

ನಮ್ಮೂರಿನ ನ್ಯಾಯ ಅದೇ. ಸರ್ಕಾರಿ ಬಸ್ಸು ಹತ್ತಲು ಯಾರೂ ರಾಹುಕಾಲ ನೋಡುವುದಿಲ್ಲ, ಸ್ವಂತ ಟ್ರ್ಯಾಕ್ಟರ್ ಹೊರಡಿಸಲು ಎಲ್ಲರೂ ನೋಡುತ್ತಾರೆ.

"ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿಲ್ಲೇನು?" ಎಂದೆ.

"ರಾಹುಕಾಲಾನೂ ಅವರ ಹೇಳ್ಯಾರ."

ನನಗೆ ರೇಗಿತು. ಆ ಕ್ಯಾಲೆಂಡರು ಬಳ್ಳಾರಿಯದು, ಬಳ್ಳಾರಿಯಲ್ಲಿ ಈಗ ಹತ್ತು ಗಂಟೆ, ರಾಹುಕಾಲ ಯಾವಾಗಲೋ ಮುಗಿದಿದೆ ಎಂದು ವಾದ ಹೂಡಿದೆ. ಗೆದ್ದೆ ಎಂದುಕೊಂಡೆ. ಅವರು ಮಾತ್ರ ಕೂತು ಯೋಚಿಸಿ ಪೆನ್ಸಿಲ್ ತೆಗೆದರು. ಹಗಲನ್ನು ಎಂಟು ಪಾಲು ಮಾಡಬೇಕು, ಸೋಮವಾರ ಎರಡನೇ ಪಾಲು ರಾಹುವಿನದು. "ಇಲ್ಲಿ ಹಗಲು ಉದ್ದ, ರಾಹುಕಾಲಾನೂ ಉದ್ದ" ಎಂದು ಲೆಕ್ಕ ಮುಗಿಸಿದರು. ಹೊರಡುವ ವೇಳೆ ಒಂಬತ್ತರಿಂದ ಹತ್ತರ ಹತ್ತಿರಕ್ಕೆ ಹೋಯಿತು.

ಹತ್ತಕ್ಕೆ ಬಂದರಿನ ಬಾಯಿ ದಾಟಿದೆವು. ಸಮುದ್ರದ ಮೇಲೆ ಆಗಲೇ ಬಿಳಿ ನೊರೆ ಎದ್ದಿತ್ತು. ಎದುರುಗಾಳಿಗೆ ನಮ್ಮ ಸಣ್ಣ ಎಂಜಿನ್ ಸೋತಿತು. ಒಂದು ತಾಸು ಹೆಣಗಿ ವಾಪಸಾದೆವು. ಸಂಜೆ ಅವಳು ಫೋನ್ ಮಾಡಿದಳು. ದಿನವಿಡೀ ಬಂದರಿನ ಕಟ್ಟೆಯ ಮೇಲೆ ಕೂತಿದ್ದಳಂತೆ. ಗಾಳಿ ಎಂದೆ, ರಾಹುವಿನ ಸುದ್ದಿ ಎತ್ತಲಿಲ್ಲ.

ಮಂಗಳವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಯಜಮಾನರು ಕ್ಯಾಲೆಂಡರಿನ ಕಡೆ ತಿರುಗಿಯೂ ನೋಡಲಿಲ್ಲ. ಗಾಳಿ ಮತ್ತೆ ಎದುರಾಯಿತು. ನಾವು ಆ ದ್ವೀಪದ ಬಂದರಿನ ಹತ್ತಿರ ಬರುವುದಕ್ಕೂ ದೊಡ್ಡ ಹಡಗು ಹೊರಗೆ ಬರುವುದಕ್ಕೂ ಸರಿಹೋಯಿತು. ಫೋನ್ ಬಡಿದುಕೊಂಡಿತು.

"ಹಿಂದಿನ ಕಟಾಂಜನದ ಹತ್ರ ನಿಂತೀನಿ. ಹಸಿರು ಸೀರಿ. ಕಾಣ್ತೀನೇನು?"

ಬೆರಳುಗುರಿನಷ್ಟು ಹಸಿರು ಕಂಡಿತು. ಎರಡೂ ಕೈ ಬೀಸಿದೆ. "ಏನು ಹೇಳಾದಿತ್ತು, ಹೇಳಲೇ" ಎಂದೆ.

"ಊರಿಗೆ ಬಾ."

ಹಡಗು ನಮ್ಮನ್ನು ದಾಟಿ ಹೋಯಿತು. ನಾನು ಅತ್ತುಬಿಟ್ಟೆ. "ಇವತ್ತು ನನ್ನ ಕೂಡ ಮಾತಾಡಬ್ಯಾಡ್ರಿ" ಎಂದೆ. ಅವರು ಚಹಾ ಮಾಡಿ ಪಕ್ಕದಲ್ಲಿಟ್ಟು ಹೋದರು. ಟಿಕೆಟ್‌ಗಾಗಿ ಎರಡು ದಿನ ಕಾದು, ದೋಣಿ ಮತ್ತು ಗಂಡ ಎರಡನ್ನೂ ಅಲ್ಲೇ ಬಿಟ್ಟು ವಿಮಾನ ಹತ್ತಿದೆ.

ಬಳ್ಳಾರಿಯ ಮನೆಯಲ್ಲಿ ಚೀಲ ಇಟ್ಟವಳೇ ಕುರುಗೋಡಿನ ಬಸ್ಸು ಹಿಡಿದೆ. ಪ್ರವಾಸದಿಂದ ಬಂದ ಅವಳು ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ತಲೆಯ ಮೇಲೆ ಕೂದಲು ಗಿಡ್ಡಗೆ ಬೆಳೆದಿತ್ತು. ಅಮ್ಮನನ್ನು ಮನೆಗೆ ಬಿಟ್ಟು ಹೋಗಲು ಬಂದಿದ್ದ ಮಗಳು ಒಳಗೆ ಚಹಾಕ್ಕಿಟ್ಟಿದ್ದಳು.

"ವಾಪಸ್ ಬಂದೈತಿ ಲೇ" ಎಂದಳು ಸಣ್ಣ ದನಿಯಲ್ಲಿ. "ಈ ಸಲ ಎಲುಬಿಗೆ."

ನಾನು ಒಳಗಿನ ಕಡೆ ನೋಡಿದೆ.

"ಆಕಿಗೆ ಗೊತ್ತಿಲ್ಲ. ಹೊರಡಾಕ ಮೊದಲ ಡಾಕ್ಟ್ರು ನನಗಷ್ಟ ಹೇಳಿದ್ರು. ಇಲ್ಲಿ ಬಾಯಿ ಬಿಟ್ರ ಓಣಿ ಮಂದಿ ಎಲ್ಲಾ ಬಂದು ಅಳಾಕ ಕುಂದ್ರತಾರ. ಅವರನ್ನ ಸಮಾಧಾನ ಮಾಡಾದ್ರಾಗ ಆಕಿಗೆ ಅಳಾಕ ಜಾಗಾನ ಇರಾದಿಲ್ಲ. ಅದಕ್ಕ ಆ ಪರದೇಶದಾಗ, ನಮ್ಮವರು ಯಾರೂ ಇಲ್ಲದಲ್ಲಿ ಹೇಳಾಣ ಅಂದ್ಕೊಂಡಿದ್ದೆ. ಒಬ್ಬಾಕಿಗೇ ಧೈರ್ಯ ಆಗಲಿಲ್ಲ. ನೀನು ಬಾಜೂಕ ಬೇಕಿತ್ತು."

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ನಿಂತು, "ಬಳ್ಳಾರಿಯಿಂದ ಬಂದೀರೇನ್ರಿ?" ಎಂದು ಕೇಳಿದಳು. ಹೌದೆಂದೆ. ಕುರುಗೋಡಿನ ಓಣಿಯಲ್ಲಿ ಹಗಲು ಹೊತ್ತು, ಅದೂ ಮನೆಗೆ ನೆಂಟರು ಬಂದಾಗ, ಯಾರೂ ಬಾಗಿಲು ಹಾಕುವುದಿಲ್ಲ. ನಾನು ಎದ್ದು ಹೋಗಿ ಆಕೆಯ ಮುಖದ ಮುಂದೆಯೇ ಬಾಗಿಲು ಮುಚ್ಚಿ ಚಿಲಕ ಹಾಕಿದೆ. ವಾಪಸ್ ಬಂದು ಗೆಳತಿಯ ಪಕ್ಕದಲ್ಲಿ ಕೂತು ಮಗಳನ್ನು ಕರೆದೆ.