ನನ್ನ ಗಂಟಲಿಗೆ ಊರೆಲ್ಲ ವೈದ್ಯರು

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ರಾಜ್ಯ ಚಿಕ್ಕದಾದರೂ ಸ್ವಾಗತ ಸಮಿತಿಗಳು ಚಿಕ್ಕವಾಗಿರಲಿಲ್ಲ. ಅಮ್ಮತ್ತಿಯ ಹೊಸ ವಾಚನಾಲಯದ ಪ್ರಾರಂಭಕ್ಕೆ ಮಡಿಕೇರಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆಂದು ಗೊತ್ತಾದಾಗ, ಪುಸ್ತಕಗಳು ಬರುವ ಮೊದಲೇ ಸಮಿತಿ ಸಿದ್ಧವಾಯಿತು. ಪ್ರಾರ್ಥನೆ ಹಾಡುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಕುಶಾಲನಗರದ ಕಡೆಯವಳು. ನಮ್ಮ ತಂದೆ ಹಾಸನದಿಂದ ಬಂದು ಅಲ್ಲಿ ಬೇಸಾಯಕ್ಕೆ ನಿಂತವರು. ಮದುವೆಯಾಗಿ ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿಗೆ ಬಂದು ನನಗೆ ವರ್ಷವೂ ಆಗಿರಲಿಲ್ಲ. ನನ್ನ ಗಂಡ ಅಲ್ಲಿ ರೈಟರು. ಅಂದರೆ ಆಳುಗಳ ಹಾಜರಿ ಬರೆಯುವವರು, ಕಥೆ ಕಾದಂಬರಿ ಬರೆಯುವವರಲ್ಲ. ಬೀಸುವ ಕಲ್ಲಿನ ಮುಂದೆ, ಆರತಿ ತಟ್ಟೆಯ ಮುಂದೆ ಹಾಡಿಕೊಂಡು ಬೆಳೆದವಳು ನಾನು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಹಾಡಿದ್ದು ದಾರಿಯಲ್ಲಿ ಹೋಗುತ್ತಿದ್ದ ಸಮಿತಿಯ ಕಾರ್ಯದರ್ಶಿಗಳ ಕಿವಿಗೆ ಬಿತ್ತು.

ಕಾರ್ಯದರ್ಶಿಗಳು ನಿವೃತ್ತ ಮೇಷ್ಟರು. ಅವರ ಬಳಿ ಒಂದು ಹಾರ್ಮೋನಿಯಂ ಇತ್ತು. ಸುತ್ತಮುತ್ತ ಬೇರೆ ಯಾರ ಬಳಿಯೂ ಇಲ್ಲದ್ದರಿಂದ ಅವರು ಸಂಗೀತ ವಿದ್ವಾಂಸರೂ ಆಗಿದ್ದರು. ಅಭ್ಯಾಸಕ್ಕೆಂದು ಅವರ ಜಗಲಿಯಲ್ಲಿ ಕೂತೆ. ಅವರು ಹಿಡಿದ ಶ್ರುತಿ ನನಗೆ ತೀರ ಎತ್ತರವಾಯಿತು. ಪಲ್ಲವಿಯನ್ನು ಹೇಗೋ ದಾಟಿದೆ. ಮೇಲಿನ ಸಾಲಿಗೆ ಬಂದಾಗ ದನಿ ಒಡೆಯಿತು.

“ಮೇಷ್ಟ್ರೇ, ಸ್ವಲ್ಪ ಕೆಳಗೆ ಹಿಡೀತೀರಾ?” ಎಂದೆ.

“ಶ್ರುತಿ ಕೆಳಗಿಳಿಯೋದಿಲ್ಲಮ್ಮ, ಹಾಡೋರು ಮೇಲೆ ಹತ್ತಬೇಕು,” ಎಂದರು.

ಅವರ ಬೆರಳುಗಳಿಗೆ ಗೊತ್ತಿದ್ದದ್ದು ಅದೊಂದೇ ಶ್ರುತಿ. ಅದನ್ನು ಹೇಳುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಇರಲಿಲ್ಲ, ಸೊಸೆಯಾಗಿ ಬಂದ ನನಗೆ ಎಲ್ಲಿಂದ ಬರಬೇಕು? ಹಾಗಾಗಿ ಕೆಟ್ಟಿರುವುದು ನನ್ನ ಗಂಟಲೆಂದು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ಸುದ್ದಿ ಎಸ್ಟೇಟಿನ ಆಳುಗಳ ಲೈನುಮನೆಗಳವರೆಗೂ ಮುಟ್ಟಿತ್ತು.

“ಗಂಟಲು ಒಣಗೈತೆ ಕಣೇ,” ಎಂದು ಅತ್ತೆ ಬೆಳಿಗ್ಗೆ ಸಂಜೆ ಮೆಣಸಿನ ಕಷಾಯ ಕುಡಿಸಿದರು. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಎಸ್ಟೇಟಿನ ಕಾಂಪೌಂಡರು ಗಂಟಲು ತೊಳೆಯಲು ಕೆನ್ನೀಲಿ ಔಷಧಿ ಕೊಟ್ಟರು. ಅದು ಗಂಟಲನ್ನು ಬಿಟ್ಟು ಹಲ್ಲಿಗೆ ಹಿಡಿಯಿತು. ಪಕ್ಕದ ತೋಟದ ನಿವೃತ್ತ ಸುಬೇದಾರರು ಬೇಲಿಯಾಚೆಯಿಂದ, “ಹಸಿ ಮೊಟ್ಟೆಗೆ ಒಂದು ಚಮಚ ಬ್ರಾಂದಿ ಹಾಕಿ ಕೊಡಿ,” ಎಂದು ಕೂಗಿದಾಗ ಅತ್ತೆ ಕಿಟಕಿ ಮುಚ್ಚಿದರು.

ಸುಬೇದಾರರು ಸೋಲುವವರಲ್ಲ. ಔಷಧಿ ಬೇಡವಾದರೆ ಧೈರ್ಯ ಕಲಿಸುತ್ತೇನೆಂದು ನಮ್ಮ ಕಾಫಿ ಕಣಕ್ಕೇ ಬಂದರು. ನನ್ನನ್ನು ನಡುವೆ ನಿಲ್ಲಿಸಿದರು.

“ಎದೆ ಮುಂದೆ! ಗಲ್ಲ ಒಳಗೆ! ಜನರ ಮುಖ ನೋಡ್ಬೇಡ ಮಗಳೇ. ಅವರೆಲ್ಲ ತೋಟದ ಸಿಲ್ವರ್ ಮರ ಅಂತ ತಿಳ್ಕೊ.”

“ಹೀಗೆ ನಿಂತ್ರೆ ಉಸಿರೇ ಬರಲ್ಲ ಮಾವ,” ಎಂದೆ.

“ಉಸಿರು ಎಂತಕ್ಕೆ? ನಾವು ಪರೇಡಲ್ಲಿ ಉಸಿರಾಡ್ತಿದ್ದೆವಾ?”

ದಿನ ಕಳೆದಂತೆ ನನ್ನ ದನಿ ಇನ್ನಷ್ಟು ಹಾಳಾಯಿತು. ಎತ್ತರದ ಶ್ರುತಿಗೆ ಹತ್ತಲು ಕಿರುಚುತ್ತಿದ್ದೆ, ಕಿರುಚಿದ್ದಕ್ಕೆ ಕಷಾಯ ಕುಡಿಯುತ್ತಿದ್ದೆ, ಮತ್ತೆ ಹೋಗಿ ಕಿರುಚುತ್ತಿದ್ದೆ. ಅಳುತ್ತ ಕೂತಿದ್ದಾಗ ಗಂಡ ಸಮಾಧಾನ ಹೇಳಿದರು.

“ಯಾಕಳ್ತೀಯ? ನಿನ್ನ ಹಾಡು ಯಾರೂ ಕೇಳಲ್ಲ ಬಿಡು. ಎಲ್ಲರ ಕಣ್ಣೂ ಕಾರಿನ ಮೇಲೇ ಇರುತ್ತೆ.”

ಆಗ ಸಿಟ್ಟು ಬಂದಿತ್ತು. ಆದರೆ ಅಷ್ಟೂ ಸಲಹೆಗಳಲ್ಲಿ ನಿಜವಾಗಿದ್ದದ್ದು ಅದೊಂದೇ.

ಪ್ರಾರಂಭದ ದಿನ ಚಪ್ಪರದ ತುಂಬ ಜನ. ಕಾರು ನಿಂತ ಕೂಡಲೇ ಹಾಡು ಶುರುವಾಗಬೇಕು, ಅಧಿಕಾರಿಗಳು ಹಾಡಿನ ನಡುವೆ ನಡೆದು ಬರಬೇಕು ಎಂಬುದು ಸಮಿತಿಯ ಏರ್ಪಾಡು. ಮೇಷ್ಟರು ಕೋಟು ತೊಟ್ಟು ವೇದಿಕೆಯ ಮೇಲೆ ಹಾರ್ಮೋನಿಯಂ ಮುಂದೆ ಕೂತಿದ್ದರು. ಅಷ್ಟರಲ್ಲಿ ಕಾರು ಬಂತು. ಏಲಕ್ಕಿ ಹಾರ ಹಾಕುವ ಗೌರವ ತಮ್ಮದೆಂದು ಮೇಷ್ಟರು ನಂಬಿದ್ದರು. ಆದರೆ ಸಮಿತಿಯ ಅಧ್ಯಕ್ಷರಾಗಿದ್ದ ತೋಟದ ಧಣಿಗಳು ಹಾರ ಹಿಡಿದು ಆಗಲೇ ಕಾರಿನ ಬಾಗಿಲಲ್ಲಿ ನಿಂತಿದ್ದರು. ಇದನ್ನು ಕಂಡ ಮೇಷ್ಟರು ಹಾರ್ಮೋನಿಯಂ ಬಿಟ್ಟು ವೇದಿಕೆಯಿಂದ ಧುಮುಕಿದರು.

“ನೀನು ಹಾಡಮ್ಮ, ಹಾಡು!” ಎಂದು ಓಡುತ್ತಲೇ ಕೂಗಿದರು.

ಒಬ್ಬಳೇ ಉಳಿದೆ. ಶ್ರುತಿ ಇಲ್ಲ, ಏನೂ ಇಲ್ಲ. ತುಟಿ ಮುಚ್ಚಿ ಮೆಲ್ಲಗೆ ಗುನುಗಿ ನೋಡಿದೆ. ಬಟ್ಟೆ ಒಗೆಯುವಾಗ ತಾನಾಗಿ ಬರುತ್ತಿದ್ದ ದನಿ ಬಂತು. ಭುಜ ಸಡಿಲವಾಯಿತು, ಉಸಿರು ಹೊಟ್ಟೆಯವರೆಗೂ ಇಳಿಯಿತು. ಸಿಲ್ವರ್ ಮರಗಳ ನಡುವೆ ಅತ್ತೆಯ ಮುಖ ಕಂಡಿತು. ಅವರ ತುಟಿ ಆಗಲೇ ನನ್ನ ಹಾಡಿನ ಮೊದಲ ಮಾತನ್ನು ಹೇಳುತ್ತಿತ್ತು. ಅವರೊಬ್ಬರನ್ನೇ ನೋಡುತ್ತ ಹಾಡಿದೆ. ಅಷ್ಟು ದಿನ ಹೆದರಿಸಿದ್ದ ಆ ಮೇಲಿನ ಸಾಲು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಮುಗಿದಾಗ ಹೆಂಗಸರ ಕಡೆಯಿಂದ ಮೊದಲು ಚಪ್ಪಾಳೆ ಬಂತು. ನನಗೆ ಇನ್ನೊಂದು ಹಾಡು ಹಾಡಿಬಿಡೋಣವೆನ್ನಿಸಿತು.

ಅಧಿಕಾರಿಗಳು ಭಾಷಣದಲ್ಲಿ ಪ್ರಾರ್ಥನೆಯನ್ನು ಮರೆಯಲಿಲ್ಲ.

“ಗಾಯನ ಚೆನ್ನಾಗಿತ್ತು. ಅದಕ್ಕೆ ಮೆರುಗು ಕೊಟ್ಟದ್ದು ಹಾರ್ಮೋನಿಯಂ. ಇಂಥ ವಾದನವನ್ನು ನಾನು ಮಡಿಕೇರಿಯಲ್ಲೂ ಕೇಳಿಲ್ಲ,” ಎಂದರು.

ಮೇಷ್ಟರು ಎದ್ದು ನಿಂತು, ತಲೆ ಬಾಗಿಸಿ, ಕೈ ಮುಗಿದರು. ಜನ ನನಗಿಂತ ಜೋರಾಗಿ ಅವರಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊರಗೆ ಬಂದಾಗ ಸುಬೇದಾರರು, “ನೋಡಿದ್ಯಾ? ಎದೆ ಮುಂದೆ!” ಎಂದರು. ಅತ್ತೆ ಮೆಣಸಿನ ಮಹಿಮೆಯನ್ನು ಪಕ್ಕದವರಿಗೆ ವಿವರಿಸುತ್ತಿದ್ದರು. ಕಾಂಪೌಂಡರು ದೂರದಿಂದಲೇ ನನ್ನ ಹಲ್ಲುಗಳನ್ನು ನೋಡಿ ತೃಪ್ತಿಯಿಂದ ನಕ್ಕರು.

ಅಲ್ಲಿಂದ ಮುಂದೆ ನನ್ನನ್ನೂ ಜನ ತಿಳಿದವಳೆಂದು ಲೆಕ್ಕಕ್ಕೆ ಹಿಡಿದರು. ಒಮ್ಮೆ ಸಂಪಾಜೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಶಾಲೆಯಲ್ಲಿ ಹಾಡಲು ಹುಡುಗಿಗೆ ಹೆದರಿಕೆಯಂತೆ. ನನಗೆ ಗೊತ್ತಿದ್ದದ್ದನ್ನು ಹೇಳಿದೆ: ಮೊದಲು ಗುನುಗಿ ನಿನ್ನ ಶ್ರುತಿ ಹುಡುಕಿಕೋ, ಭುಜ ಎತ್ತದೆ ಹೊಟ್ಟೆಯಿಂದ ಉಸಿರು ತಗೋ, ಗಂಟಲು ನೋವು ಬಂದರೆ ನಿಲ್ಲಿಸು, ಬಿಸಿನೀರು ಕುಡಿ, ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡು, ನಿನಗೆ ಬೇಕಾದವರ ಮುಖ ನೋಡಿ ಹಾಡು.

ತಾಯಿಯ ಮುಖ ಬಾಡಿತು.

“ಅಷ್ಟೇನಾ ಅಕ್ಕ? ತಿಂಬಕ್ಕೆ ಎಂತದೂ ಇಲ್ವಾ?”

ಒಳಗೆ ಹೋಗಿ ಒಂದು ಹಿಡಿ ಕಲ್ಲುಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ತಂದೆ. ತಾಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಿಕ್ಕ ಮಾತುಗಳನ್ನು ಮತ್ತೊಮ್ಮೆ ಹೇಳಿಸಿಕೊಂಡು ಶ್ರದ್ಧೆಯಿಂದ ಕೇಳಿದಳು. ಹುಡುಗಿ ಚೆನ್ನಾಗಿಯೇ ಹಾಡಿದಳಂತೆ. ಮುಂದಿನ ವರ್ಷ ಸಂಪಾಜೆಯಿಂದ ಇನ್ನೂ ಕೆಲವರು ಬಂದರು. ಯಾರೂ ಸಂಗೀತದ ಮಾತೆತ್ತಲಿಲ್ಲ. ಕಲ್ಲುಸಕ್ಕರೆ ಇದೆಯಾ ಎಂದು ಕೇಳಿದರು.