ಕೋಚ್ ಸಾಹೇಬರ ಹೆಬ್ಬೆರಳು

ಹರಿಹರದ ನಮ್ಮ ಕಬಡ್ಡಿ ತಂಡದ ಕೋಚ್‌ಗೆ ವೈದ್ಯಶಾಸ್ತ್ರವೆಂದರೆ ತಮ್ಮ ಹೆಬ್ಬೆರಳು. ಯಾರು ಬಿದ್ದರೂ ಮೊಣಕಾಲನ್ನು ಒತ್ತಿ ನೋಡಿ, "ಮೂಳೆ ಗಟ್ಟಿ ಐತೆ, ಏಳಪ್ಪ" ಎನ್ನುತ್ತಿದ್ದರು. ನನಗೂ ಹಾಗೆಯೇ ಹೇಳಿದರು. ನಾನು ಎದ್ದೆ. ಅಂದಿನಿಂದ ಎರಡು ವರ್ಷ ಕುಂಟುತ್ತಲೇ ಆಫೀಸಿನ ಮೆಟ್ಟಿಲು ಹತ್ತಿದೆ.

ಕಳೆದ ವರ್ಷ, ಎದುರಾಳಿಯ ಕಾಲು ಹಿಡಿಯುವುದು ಹೇಗೆಂದು ತೋರಿಸಲು ಹೋಗಿ ಅವರೇ ಬಿದ್ದರು. ಎಕ್ಸ್‌ರೇ ತೆಗೆಸಿ, ಮೂಳೆಗೆ ಏನೂ ಆಗಿಲ್ಲವೆಂದು ರ‍್ಯಾಂಕ್ ಬಂದವರಂತೆ ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದರು. ಮೊಣಕಾಲು ಮಾತ್ರ ಊದುತ್ತಲೇ ಹೋಯಿತು. ಕೊನೆಗೆ ನಾನೇ ಅವರನ್ನು ದಾವಣಗೆರೆಯ ಪಿ.ಜೆ. ಬಡಾವಣೆಯ ಮೂಳೆ ಡಾಕ್ಟರ ಬಳಿ ಕರೆದೊಯ್ದೆ.

"ಮೂಳೆ ಮೇಲಿನ ಮೆತ್ತನೆ ಪದರ, ಕಾರ್ಟಿಲೇಜು, ಎಕ್ಸ್‌ರೇನಲ್ಲಿ ಕಾಣಲ್ರಿ. ಎಂಆರ್‌ಐ ಮಾಡಿಸ್ರಿ," ಎಂದರು ಡಾಕ್ಟರು.

ಮರುದಿನ ವರದಿ ಬಂತು. ಮೂಳೆ ಗಟ್ಟಿಯಾಗಿಯೇ ಇತ್ತು. ಹರಿದದ್ದು ಆ ಪದರ. ಪರದೆಯ ಮೇಲಿನ ಚಿತ್ರವನ್ನು ಕೋಚ್ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಾಲಿನತ್ತ ತಿರುಗಿದರು.

"ಡಾಕ್ಟ್ರೇ, ಇವನಿಗೂ ಒಂದು ಎಂಆರ್‌ಐ ಬರೀರಿ."

"ಇವರಿಗೇನಾಗೈತ್ರಿ?"

"ಗೊತ್ತಿಲ್ರೀ," ಎಂದು ಕೋಚ್ ತಲೆ ತಗ್ಗಿಸಿದರು. "ಇವನ ಕಾಲು ನೋಡಿದ್ದು ನಾನು."